ಕೈ ಕಡಿದವರು ಯಾರು?

ಮೂಲನಿವಾಸಿಗಳು ಅಂಗವೈಕಲ್ಯವನ್ನು ಹೇಗೆ ನೋಡುತ್ತಾರೆ ಎಂಬ ಬಗ್ಗೆ, ಮಂಗಳೂರಿನಲ್ಲಿ ಸಮಾಜಕಾರ್ಯ ಓದುವ ವಿದ್ಯಾರ್ಥಿಗಳು ಮತ್ತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ತುಳು ಜಾಸ್ತಿ ಇತ್ತು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕೊನೆಗೆ ಸಭೆಯವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕಾರ್ಕಳದ ಗೊಮ್ಮಟನನ್ನು ನೋಡದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. 42 ಅಡಿ ಎತ್ತರದ ಒಂದೇ ಕಲ್ಲು. 1432ರಲ್ಲಿ ಅದನ್ನು ನಿಲ್ಲಿಸಿದ ಅರಸ ವೀರಪಾಂಡ್ಯ ಭೈರರಸ ಎಂದು ಶಾಲೆಯಲ್ಲಿ ಓದಿದ್ದೇವೆ. ಕೆತ್ತಿದವನ ಹೆಸರು ನಮ್ಮ ಪಾಠದಲ್ಲಿ ಬರಲಿಲ್ಲ. ಅದು ಬರುವುದು ತುಳುವರ ಹಾಡುಗಥೆಯಾದ ಪಾಡ್ದನದಲ್ಲಿ. ಅವನು ಬೀರ ಕಲ್ಕುಡ.

ಕಥೆ ನಿಮಗೆ ಗೊತ್ತಿರುವುದೇ. ಆದರೂ ಒಮ್ಮೆ ಹೇಳುತ್ತೇನೆ, ಯಾಕೆಂದರೆ ನನ್ನ ಮಾತೆಲ್ಲ ನಿಂತಿರುವುದು ಇದರ ಮೇಲೆ. ಕಲ್ಕುಡ ಗೊಮ್ಮಟನನ್ನು ಕೆತ್ತಿ ಮುಗಿಸಿದ. ಅರಸನಿಗೆ ಸಂತೋಷವಾಯಿತು, ಅದರ ಜೊತೆಗೇ ಒಂದು ಹೆದರಿಕೆಯೂ ಹುಟ್ಟಿತು. ಇದೇ ಕೈ ನಾಳೆ ಇನ್ನೊಬ್ಬ ಅರಸನಿಗೆ ಇಂಥದ್ದೇ ಮೂರ್ತಿ ಮಾಡಿಕೊಟ್ಟರೆ? ಅವನು ಕಲ್ಕುಡನ ಎಡಗೈ ಮತ್ತು ಬಲಗಾಲು ಕಡಿಸಿದ. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲಿ ವೇಣೂರಿಗೆ ಹೋದ. ಅಲ್ಲಿ ಅಜಿಲ ಅರಸರಿಗೆ ಇನ್ನೊಬ್ಬ ಗೊಮ್ಮಟನನ್ನು ಕೆತ್ತಿಕೊಟ್ಟ. ವೇಣೂರಿನ ಮೂರ್ತಿ ಆದದ್ದು 1604ರಲ್ಲಿ, ಎರಡರ ನಡುವೆ 172 ವರ್ಷ ಉಂಟು. ಇತಿಹಾಸದವರಿಗೆ ಇದು ತೊಡಕು. ಪಾಡ್ದನಕ್ಕೆ ಆ ಲೆಕ್ಕ ಬೇಕಿಲ್ಲ, ನನಗೂ ಬೇಕಿಲ್ಲ.

ನಾವು ಸಾಮಾನ್ಯವಾಗಿ ಕಥೆಯನ್ನು ವೇಣೂರಿನಲ್ಲೇ ನಿಲ್ಲಿಸುತ್ತೇವೆ. ಒಂದೇ ಕೈಯಲ್ಲಿ ಅಷ್ಟು ದೊಡ್ಡ ಮೂರ್ತಿ ಕೆತ್ತಿದನಲ್ಲ, ಎಂಥ ಛಲ, ಎಂಥ ಸಾಧನೆ! ಪಾಡ್ದನ ಅಲ್ಲಿ ನಿಲ್ಲುವುದಿಲ್ಲ. ತಂಗಿ ಕಲ್ಲುರ್ಟಿ ಬರುತ್ತಾಳೆ. ಅಣ್ಣನ ಮೈ ನೋಡುತ್ತಾಳೆ. ಅವಳ ಸಿಟ್ಟು ತಿರುಗುವುದು ಕಾರ್ಕಳದ ಕಡೆಗೆ. ಅಣ್ಣ ತಂಗಿ ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ, ಕೈ ಕಡಿಸಿದ ಅರಸನನ್ನೂ ಅವನ ಊರನ್ನೂ ಕಾಡುತ್ತಾರೆ. ಹಾಡುವವರು ಒಬ್ಬೊಬ್ಬರು ಒಂದೊಂದು ರೀತಿ ಹಾಡುತ್ತಾರೆ. ಆದರೆ ನಾನು ಕೇಳಿದ ಯಾರೂ ಅರಸನನ್ನು ಸುಮ್ನೆ ಬಿಟ್ಟಿಲ್ಲ.

ಈ ಕಥೆಯನ್ನು ಉಳಿಸಿದವರು ಯಾರು ಎನ್ನುವುದೂ ಮುಖ್ಯ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು. ದೈವದ ವೇಷ ಕಟ್ಟಿ ಕೋಲ ಮಾಡುವ ಪಂಬದರು, ಪರವರು, ನಲಿಕೆಯವರು. ಅವರಿಗೆ ಅರಸರ ಹಂಗು ಇರಲಿಲ್ಲ. ಹಾಗಾಗಿ ಅವರ ಕಥೆಯಲ್ಲಿ ಕೇಳಬೇಕಾದ ಪ್ರಶ್ನೆ ಸರಿಯಾದ ಜಾಗಕ್ಕೆ ಹೋಗುತ್ತದೆ. ಕಲ್ಕುಡನ ಮೈಯಲ್ಲಿ ಏನು ಕಮ್ಮಿ ಎಂದು ಅವರು ಕೇಳುವುದಿಲ್ಲ. ಕಡಿದವರು ಯಾರು ಎಂದು ಕೇಳುತ್ತಾರೆ.

ಏಬಲಿಸಂ ಎನ್ನುತ್ತಾರಲ್ಲ, ಅದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಮೈ ಅಂದರೆ ಹೀಗಿರಬೇಕು, ಬುದ್ಧಿ ಅಂದರೆ ಹೀಗೆ ಓಡಬೇಕು ಎಂದು ಮೊದಲೇ ಒಂದು ಅಳತೆ ಇಟ್ಟುಕೊಳ್ಳುವುದು. ಅದಕ್ಕೆ ಹೊಂದದವರನ್ನು ಕಡಿಮೆ ಎಂದು ಬದಿಗಿಡುವುದು. ಇದು ಬೈಗುಳದಲ್ಲಿ ಮಾತ್ರ ಇರುವುದಿಲ್ಲ. ಮರುಕದಲ್ಲೂ ಇರುತ್ತದೆ, ಹೊಗಳಿಕೆಯಲ್ಲೂ ಇರುತ್ತದೆ. ನನಗೆ ಎಳವೆಯಲ್ಲೇ ಪೋಲಿಯೋ ಆಗಿತ್ತು. ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡೇ ಶಾಲೆ, ಕಾಲೇಜು, ಕೆಲಸ ಎಲ್ಲ ಆಯಿತು. ನನ್ನನ್ನು ಹೀಯಾಳಿಸಿದವರಿಗಿಂತ ಹೊಗಳಿದವರೇ ಜಾಸ್ತಿ. ಎಷ್ಟೋ ವೇದಿಕೆಗಳಿಗೆ ನನ್ನನ್ನು ಎರಡು ಜನ ಎತ್ತಿ ಹತ್ತಿಸಿದ್ದಾರೆ. ಹತ್ತಿಸಿ, ಶಾಲು ಹೊದೆಸಿ, ಇವರ ಛಲ ನಮಗೆಲ್ಲ ಮಾದರಿ ಎಂದಿದ್ದಾರೆ. ಆ ವೇದಿಕೆಗೆ ಒಂದು ಇಳಿಜಾರು ದಾರಿ ಯಾಕಿಲ್ಲ ಎಂದು ಮೈಕಿನಲ್ಲಿ ಕೇಳಿದವರು ಯಾರೂ ಇಲ್ಲ. ಪೇಪರಿನಲ್ಲೂ ಹೀಗೇ. ಒಂದೇ ಕೈಯಲ್ಲಿ ಪರೀಕ್ಷೆ ಬರೆದ ಹುಡುಗಿಯ ಫೋಟೋ ಬರುತ್ತದೆ, ಅವಳ ಶಾಲೆಯ ಶೌಚಾಲಯ ಹೇಗಿದೆ ಎಂದು ಬರುವುದಿಲ್ಲ. ಎಲ್ಲರೂ ವೇಣೂರಿನ ತನಕ ಬರುತ್ತಾರೆ. ಕಾರ್ಕಳಕ್ಕೆ ವಾಪಸು ಹೋಗುವವರು ಕಡಿಮೆ.

ಮೂಲನಿವಾಸಿಗಳು ಅಂಗವೈಕಲ್ಯವನ್ನು ಹೇಗೆ ನೋಡುತ್ತಾರೆ ಎಂದು ಮಾತಾಡಲು ನೀವು ನನ್ನನ್ನು ಕರೆದಿದ್ದೀರಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲೋಕದ ಎಲ್ಲ ಬುಡಕಟ್ಟುಗಳೂ ಒಂದೇ ರೀತಿ ನೋಡುತ್ತವೆ ಎಂದೇನಿಲ್ಲ. ಅವರಲ್ಲೆಲ್ಲ ಒಳ್ಳೆಯದು, ನಮ್ಮಲ್ಲೆಲ್ಲ ಕೆಟ್ಟದ್ದು ಎಂದೂ ಇಲ್ಲ. ಆದರೆ ಕೆಲವು ಕಡೆ ಅವರು ಬದುಕನ್ನು ಕಟ್ಟಿಕೊಂಡ ಕ್ರಮ ನೋಡಿದರೆ, ನಾವು ಸಹಜ ಎಂದುಕೊಂಡದ್ದು ಸಹಜವಲ್ಲ ಎಂದು ತಿಳಿಯುತ್ತದೆ.

ಉತ್ತರ ಅಮೆರಿಕದ ನಡುಭಾಗದಲ್ಲಿ ದೊಡ್ಡ ಹುಲ್ಲುಗಾವಲು ಪ್ರದೇಶ ಉಂಟು. ಲಕೋಟಾ, ಕ್ರೋ, ಬ್ಲ್ಯಾಕ್‌ಫೂಟ್, ಷಾಯೆನ್ ಹೀಗೆ ಹಲವಾರು ಮೂಲನಿವಾಸಿ ಜನಾಂಗಗಳ ನೆಲ ಅದು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಅವರ ನಡುವೆ ವ್ಯಾಪಾರ, ಒಪ್ಪಂದ, ಕಥೆ, ಜಗಳ ಎಲ್ಲ ನಡೆಯುತ್ತಿದ್ದುದು ಕೈಭಾಷೆಯಲ್ಲಿ. 1930ರಲ್ಲಿ ಮೊಂಟಾನಾದ ಬ್ರೌನಿಂಗ್ ಎಂಬಲ್ಲಿ ಬೇರೆ ಬೇರೆ ಜನಾಂಗಗಳ ಹಿರಿಯರು ಸೇರಿ ಕೈಯಲ್ಲೇ ಮಾತಾಡಿದ್ದನ್ನು ಸಿನಿಮಾ ರೀಲಿನಲ್ಲಿ ಸೆರೆಹಿಡಿದಿದ್ದಾರೆ. ಅವರಲ್ಲಿ ಹೆಚ್ಚಿನವರು ಕಿವಿ ಚೆನ್ನಾಗಿ ಕೇಳುವವರೇ. ಅಂಥ ಊರಿನಲ್ಲಿ ಕಿವಿ ಕೇಳದ ಮಗು ಹುಟ್ಟಿತು ಎಂದಿಟ್ಟುಕೊಳ್ಳಿ. ಅದಕ್ಕೆ ಬೇಕಾದ ಭಾಷೆ ಊರಿನಲ್ಲಿ ಮೊದಲೇ ಇದೆ. ಅಜ್ಜನಿಗೆ ಬರುತ್ತದೆ, ಪಕ್ಕದ ಮನೆಯವನಿಗೆ ಬರುತ್ತದೆ. ಮಗುವಿಗೋಸ್ಕರ ಯಾರೂ ವಿಶೇಷವಾಗಿ ಏನೂ ಮಾಡಬೇಕಾಗಿಲ್ಲ.

ಆಸ್ಟ್ರೇಲಿಯಾದ ನಡುಭಾಗದಲ್ಲಿ ವಾರ್ಲ್‌ಪಿರಿ ಎಂಬ ಜನ ಇದ್ದಾರೆ. ಅವರಲ್ಲಿ ಗಂಡ ತೀರಿಕೊಂಡ ಹೆಂಗಸು ಸೂತಕದ ಕಾಲದಲ್ಲಿ ಬಾಯಿ ಬಿಟ್ಟು ಮಾತಾಡುವ ಹಾಗಿಲ್ಲ. ಅದು ತಿಂಗಳುಗಟ್ಟಲೆ ಇರುತ್ತದೆ. ಆ ಕಾಲವಿಡೀ ಅವಳ ಮಾತೆಲ್ಲ ಕೈಯಲ್ಲೇ. ಈ ಕೈಭಾಷೆ ಅಲ್ಲಿನ ಹೆಂಗಸರಲ್ಲಿ ಎಷ್ಟು ಬೆಳೆದಿದೆ ಎಂದರೆ, ಬಾಯಿಮಾತಿನಲ್ಲಿ ಹೇಳುವುದನ್ನೆಲ್ಲ ಹೆಚ್ಚುಕಡಿಮೆ ಅದರಲ್ಲೇ ಹೇಳಬಹುದು. ವಿಧವೆಯ ಬಾಯಿ ಕಟ್ಟುವ ಪದ್ಧತಿ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಕೈಯಲ್ಲಿ ಮಾತಾಡುವುದು ಅಲ್ಲಿ ಕೊರತೆಯ ಗುರುತಲ್ಲ, ಅಷ್ಟೇ.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿ ಇಡುತ್ತೇನೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರ ದೊಡ್ಡ ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಕೈಭಾಷೆ ಬೇಡ, ಬಾಯಿಮಾತೇ ಕಲಿಸಬೇಕು ಎಂದು ಅಲ್ಲಿ ತೀರ್ಮಾನ ಮಾಡಿದರು. ಅದರ ನೆರಳು ನಮ್ಮ ದೇಶದ ಶಾಲೆಗಳ ಮೇಲೂ ಬಿತ್ತು. ಮೇಜಿನ ಮೇಲೆ ಕೈ ಕಟ್ಟಿ ಕೂರಿಸಿ, ಕೇಳದ ಶಬ್ದವನ್ನು ಗಂಟಲಿನಿಂದ ಹೊರಡಿಸಲು ಕಲಿಸಿದ ತಲೆಮಾರುಗಳು ಇವೆ. ಅದೇ ಕಾಲದಲ್ಲಿ ಕೆನಡಾ, ಅಮೆರಿಕಗಳಲ್ಲಿ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಎಳೆದೊಯ್ದು ವಸತಿ ಶಾಲೆಗಳಿಗೆ ಹಾಕುತ್ತಿದ್ದರು. ಕೆನಡಾವೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು. ತಮ್ಮ ಭಾಷೆ ಆಡಿದರೆ ಹೊಡೆತ. ಹಾಗೆ ಮನೆ, ಭಾಷೆ ಎರಡೂ ತಪ್ಪಿದ ಮೇಲೆ, ಊರಿಗೆ ಊರೇ ಆಡುತ್ತಿದ್ದ ಕೈಭಾಷೆಯೂ ಬಡವಾಯಿತು. ಒಂದು ಜನಾಂಗವನ್ನು ಮುರಿದ ಕೈಯೇ ಅಲ್ಲಿನ ಕಿವುಡ ಮಗುವಿನ ಭಾಷೆಯನ್ನೂ ಕಸಿದುಕೊಂಡಿತು. ಇವೆರಡನ್ನು ಬೇರೆ ಬೇರೆ ಮಾಡಿ ನೋಡಲು ನನಗೆ ಆಗುವುದಿಲ್ಲ.

ಇನ್ನು ನಮ್ಮ ಊರಿಗೆ ಬರುತ್ತೇನೆ. ಬಹಳ ದೂರ ಹೋಗಬೇಕಾಗಿಲ್ಲ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಮೂಲನಿವಾಸಿಗಳು ಎಂದರೆ ಮೊದಲು ಕೊರಗರು. ಸರ್ಕಾರದ ಲೆಕ್ಕದಲ್ಲಿ ವಿಶೇಷವಾಗಿ ದುರ್ಬಲವಾದ ಬುಡಕಟ್ಟು. ಇವರ ಮೇಲೆ ಅಜಲು ಎಂಬ ಪದ್ಧತಿಯನ್ನು ನಾವು ಹೇರಿದ್ದೆವು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಅಜಲು ಅಂದರೆ ಏನು ಎಂದು ಆ ಕಾಯ್ದೆಯಲ್ಲೇ ಬರೆದಿದೆ, ಒಮ್ಮೆ ಓದಿ. ಕೂಲಿ ಕೊಡದೆ ದುಡಿಸುವುದು. ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು.

ಈ ಕೊನೆಯದನ್ನು ಯಾಕೆ ಮಾಡುತ್ತಿದ್ದರು? ಬಸುರಿಗೆ ಮತ್ತು ಹುಟ್ಟುವ ಮಗುವಿಗೆ ಕೇಡು ತಟ್ಟದಿರಲಿ, ರೋಗ, ದೋಷ ಮನೆಯಿಂದ ಹೊರಗೆ ಹೋಗಲಿ ಎಂದು. ಹೊರಗೆ ಅಂದರೆ ಎಲ್ಲಿಗೆ? ಕೊರಗರ ಹೊಟ್ಟೆಗೆ. ನಮ್ಮ ಮಗು ಸರಿಯಾಗಿ ಹುಟ್ಟಬೇಕು, ಅದಕ್ಕೆ ಬರಬಹುದಾದ ಕುಂದು ಅವರ ಮೈಗೆ ಹೋಗಬೇಕು. ಏಬಲಿಸಂ ಮತ್ತು ಜಾತಿ ಒಂದೇ ಎಲೆಯಲ್ಲಿ ಕೂತಿದ್ದನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಎಲ್ಲೂ ನೋಡಿಲ್ಲ. ಅಂಗವೈಕಲ್ಯದ ಬಗ್ಗೆ ನಾವು ನಡೆಸುವ ತರಬೇತಿಗಳಲ್ಲಿ ಅಜಲಿನ ಮಾತು ಬರುವುದಿಲ್ಲ. ಬರಬೇಕು. ಗಟ್ಟಿಮೈ ಅನ್ನುವ ನಮ್ಮ ಕಲ್ಪನೆ ಯಾರ ಮೈಯ ಮೇಲೆ ನಿಂತಿತ್ತು ಎಂದು ಗೊತ್ತಾಗಬೇಕಲ್ವಾ?

ಕುಂದಾಪುರದ ಕಡೆ ಒಂದು ಕೊರಗರ ಕಾಲೊನಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎರಡೂ ಕಣ್ಣು ಪೂರ್ತಿ ಹೋಗಿವೆ. ಬುಟ್ಟಿ ಹೆಣೆಯುತ್ತಾರೆ. ನಾನು ಹೋದಾಗ ಅಂಗಳದಲ್ಲಿ ಕಾಲು ನೀಡಿ ಕೂತಿದ್ದರು. ಬುಟ್ಟಿಯ ಬುಡವನ್ನು ಎಡಗಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರು. ಪಕ್ಕದಲ್ಲಿ ಸೀಳಿದ ಬಳ್ಳಿಯ ಕಟ್ಟು. ಒಂದೊಂದನ್ನೇ ತೆಗೆದು ಹೆಬ್ಬೆರಳಿನ ಉಗುರಿನಿಂದ ಉದ್ದಕ್ಕೂ ಎಳೆಯುತ್ತಿದ್ದರು. ಸಿಪ್ಪೆ ಉಳಿದಿದ್ದರೆ ಉಗುರಿಗೆ ಸಿಗುತ್ತದೆ. ಆಮೇಲೆ ಕಿವಿಯ ಹತ್ತಿರ ಸ್ವಲ್ಪ ಬಗ್ಗಿಸುತ್ತಾರೆ. ಒಣಗಿದ್ದರೆ ಸಣ್ಣಗೆ ಚಿಟಿಚಿಟಿ ಅನ್ನುತ್ತದೆ, ಅದನ್ನು ಬದಿಗೆ ಎಸೆಯುತ್ತಾರೆ. ಕಡ್ಡಿಗಳನ್ನು ಬೆರಳಲ್ಲೇ ಎಣಿಸಿ, ಒಂದು ಬಿಟ್ಟು ಒಂದು ಹಾಯಿಸುತ್ತಾರೆ. ನಡುವೆ ಮೊಮ್ಮಗನಿಗೆ ಬೈಯುತ್ತಾರೆ. ಬೈದು ಮುಗಿಸಿ ಕೈಯಾಡಿಸಿದರೆ ಬಿಟ್ಟ ಜಾಗವೇ ಸಿಗುತ್ತದೆ.

ಕಣ್ಣಿನ ಬಗ್ಗೆ ಕೇಳಲು ನಾನು ಹೋದದ್ದು. "ಅಜ್ಜಿ, ಕಣ್ಣು ಕಾಣದೆ ಕಷ್ಟ ಆಗ್ತದಾ?" ಎಂದೆ. ಅವರು ಹೇಳಿದ್ದು ಬಳ್ಳಿಯ ಕಥೆ. ಹಾಡಿಯಲ್ಲಿ, ಅಂದರೆ ಕಾಡಿನಲ್ಲಿ, ಮೊದಲಿನ ಹಾಗೆ ಬಳ್ಳಿ ಇಲ್ಲ. ಇದ್ದಲ್ಲಿಗೆ ಹೋಗಲು ಬಿಡುವುದಿಲ್ಲ. ಮಗ ಬೆಳಿಗ್ಗೆ ಹೋದವನು ಸಂಜೆ ಒಂದು ಹೊರೆ ತಂದರೆ ದೊಡ್ಡದು. ಪೇಟೆಯಲ್ಲಿ ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಕೇಳುವವರೂ ಇಲ್ಲ. ಇದನ್ನೆಲ್ಲ ಹೇಳಿ ಕೊನೆಗೆ, "ಪಿಂಚಣಿ ಒಂದು ಮಾಡಿಸಿ ಕೊಡು ಮಗಾ" ಎಂದರು. ಪಿಂಚಣಿ ಯಾಕೆ ಆಗಿಲ್ಲ ಎಂದರೆ, ಆಧಾರ್ ಸರಿಯಾಗಿಲ್ಲ. ಆಯುಷ್ಯವಿಡೀ ಬಳ್ಳಿ ಸೀಳಿ ಬೆರಳಿನ ಗೆರೆಗಳು ಸವೆದಿವೆ, ಮೆಷಿನ್ ಹಿಡಿಯುವುದಿಲ್ಲ. ಕಣ್ಣಿನ ಸ್ಕ್ಯಾನ್ ಮಾಡೋಣ ಎಂದರೆ ಕಣ್ಣೇ ಇಲ್ಲ. ಇಂಥವರಿಗೆ ಬೇರೆ ದಾರಿ ನಿಯಮದಲ್ಲೇ ಉಂಟು. ಕೌಂಟರಿನಲ್ಲಿ ಕೂತವರು ಅದನ್ನು ಹೇಳಿಕೊಟ್ಟಿರಲಿಲ್ಲ. ಒಂದು ಮನೆಯ ಅಂಗಳದಲ್ಲಿ ಅವರು ಬುಟ್ಟಿ ಹೆಣೆಯುವವರು. ಕೌಂಟರಿನ ಎದುರು ಮಾತ್ರ ಏನೂ ಆಗದವರು.

ಆ ಮನೆಯನ್ನು ಸ್ವರ್ಗ ಎಂದು ತೋರಿಸುವುದು ನನ್ನ ಉದ್ದೇಶವಲ್ಲ. ಅಜ್ಜಿಯನ್ನು ಬೆಳಿಗ್ಗೆ ಹೊರಗೆ ಕರೆದುಕೊಂಡು ಹೋಗುವುದು, ನೀರು ಕಾಯಿಸಿ ಮೀಯಿಸುವುದು ಸೊಸೆಯ ಕೆಲಸ. ಅದಕ್ಕೋಸ್ಕರ ಅವಳು ಗೇರುಬೀಜದ ಫ್ಯಾಕ್ಟರಿಯ ಕೆಲಸ ಬಿಟ್ಟಿದ್ದಾಳೆ. ಸಮುದಾಯ ನೋಡಿಕೊಳ್ಳುತ್ತದೆ ಎಂದು ನಾವು ಬಾಯಿ ತುಂಬ ಹೇಳುವಾಗ, ಆ ಸಮುದಾಯ ಅಂದರೆ ಒಬ್ಬಳು ಸೊಸೆ ಎನ್ನುವುದು ನೆನಪಿರಬೇಕು.

ಗೇರುಬೀಜ ಎಂದಾಗ ಇನ್ನೊಂದು ಮಾತು ಬಂದೇ ಬರುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ, ಗಡಿಯಾಚೆ ಕಾಸರಗೋಡಿನ ಪಡ್ರೆ. ಸರ್ಕಾರಿ ನಿಗಮಗಳ ಗೇರು ತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ತೋಟದ ಕೆಳಗೆ ಮನೆ, ಬಾವಿ, ತೋಡು ಇದ್ದವು. 2000ದ ಹೊತ್ತಿಗೆ ಸಿಂಪಡಣೆ ನಿಂತಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆ ತಡೆಯಿತು. ಅಷ್ಟರಲ್ಲಿ ಆ ಊರುಗಳಲ್ಲಿ ಒಂದು ತಲೆಮಾರು ಹುಟ್ಟಿ ಬೆಳೆದಿತ್ತು.

ಇಂಥ ಇನ್ನೊಂದು ಊರು ಕೆನಡಾದ ಒಂಟಾರಿಯೊದಲ್ಲಿ ಉಂಟು, ಅನಿಶಿನಾಬೆ ಎಂಬ ಮೂಲನಿವಾಸಿ ಜನರ ಗ್ರಾಸಿ ನ್ಯಾರೋಸ್. 1962ರಿಂದ 1970ರ ತನಕ ಮೇಲಿನ ಒಂದು ಕಾಗದದ ಕಾರ್ಖಾನೆಯಿಂದ ಸುಮಾರು 9 ಟನ್ ಪಾದರಸ ಅವರ ನದಿಗೆ ಹರಿಯಿತು. ಅವರ ಊಟ ಮೀನು, ದುಡಿಮೆಯೂ ಮೀನು. ಕೈಕಾಲು ನಡುಗುವುದು, ದೃಷ್ಟಿ ಮಂಜಾಗುವುದು, ಮಕ್ಕಳಿಗೆ ಕಲಿಕೆಯಲ್ಲಿ ತೊಂದರೆ ಶುರುವಾಯಿತು. ಜಪಾನಿನ ಮಿನಮಾಟಾದಲ್ಲಿ ಇದೇ ರೋಗ ನೋಡಿದ್ದ ಡಾಕ್ಟರ್ ಮಸಾಝುಮಿ ಹರಾದಾ 1975ರಲ್ಲಿ ಅಲ್ಲಿಗೆ ಹೋಗಿ ಜನರನ್ನು ಪರೀಕ್ಷಿಸಿದರು. ಆ ಊರಿನವರು ವರ್ಷಗಟ್ಟಲೆ ಎರಡು ಬೇಡಿಕೆಗಳನ್ನು ಒಟ್ಟಿಗೇ ಇಡುತ್ತಾ ಬಂದಿದ್ದಾರೆ. ನಮ್ಮ ನದಿಯನ್ನು ಶುದ್ಧ ಮಾಡಿ. ನಮ್ಮವರ ಆರೈಕೆಗೆ ನಮ್ಮ ಊರಿನಲ್ಲೇ ಒಂದು ಕೇಂದ್ರ ಕಟ್ಟಿ. ಒಂದನ್ನು ಕೊಟ್ಟು ಇನ್ನೊಂದನ್ನು ಬಿಡಿ ಎಂದರೆ ಅವರು ಒಪ್ಪುವುದಿಲ್ಲ. ನೀರಿನ ರೋಗವೂ ಮೈಯ ರೋಗವೂ ಅವರಿಗೆ ಬೇರೆ ಅಲ್ಲ.

ಇಲ್ಲಿ ಒಂದು ಸೂಕ್ಷ್ಮ ಉಂಟು. ನನಗೆ ಬಹಳ ಕಾಡಿದ ಸೂಕ್ಷ್ಮ. ಎಂಡೋಸಲ್ಫಾನ್ ವಿರುದ್ಧದ ಹೋರಾಟದಲ್ಲಿ ಯಾವ ಫೋಟೋಗಳನ್ನು ನಾವು ಎತ್ತಿ ಹಿಡಿದೆವು? ತಲೆ ಊದಿದ ಮಗು, ತಿರುಚಿದ ಕೈಕಾಲಿನ ಹುಡುಗಿ. ನೋಡಿ, ವಿಷ ಏನು ಮಾಡಿತು ನೋಡಿ! ಸಿಟ್ಟು ಸರಿಯಾದದ್ದು. ಆದರೆ ಆ ಹುಡುಗಿ ಈಗ ಬೆಳೆದು ದೊಡ್ಡವಳಾಗಿದ್ದಾಳೆ. ಟಿವಿ ಹಾಕಿದರೆ ನಗುತ್ತಾಳೆ, ಮೀನಿನ ಸಾರು ಇಲ್ಲದಿದ್ದರೆ ಊಟ ಬೇಡ ಎಂದು ಹಟ ಮಾಡುತ್ತಾಳೆ. ಅವಳ ಮೈ ಬರೀ ಒಂದು ಸಾಕ್ಷಿಯಲ್ಲ. ವಿಷ ಸುರಿದದ್ದು ಅಪರಾಧ. ಅವಳು ಹುಟ್ಟಿದ್ದು ಅನಾಹುತ ಅಲ್ಲ. ಈ ಎರಡು ಮಾತನ್ನು ಒಟ್ಟಿಗೆ ಹೇಳಲು ನಾವು ಕಲಿಯಬೇಕು. ಕಲ್ಲುರ್ಟಿ ಹಾಗೆ ಮಾಡಿದಳು. ಕಡಿದವನ ಮೇಲೆ ಸಿಟ್ಟು, ಅಣ್ಣನ ಮೇಲೆ ಅಸಹ್ಯವಿಲ್ಲ. ಇವತ್ತಿಗೂ ನಾವು ಅವನಿಗೆ ಕೋಲ ಕೊಡುವುದು ಆ ಮೈಯಿರುವ ಕಲ್ಕುಡನಿಗೇ.

ಕೊಕ್ಕಡದ ಕಡೆಯ ತಾಯಂದಿರ ಮಾತು ಕೇಳಿದವರಿಗೆ ಗೊತ್ತು, ಅವರು ಪರಿಹಾರದ ದುಡ್ಡಿಗಿಂತ ಹೆಚ್ಚು ಕೇಳುವುದು ಒಂದೇ. ನಾನು ಸತ್ತ ಮೇಲೆ ಇವಳನ್ನು ನೋಡುವವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಊರು ಮತ್ತು ಸರ್ಕಾರ. ತಾಯಿಯ ತ್ಯಾಗವನ್ನು ಹೊಗಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಮನಸ್ಸಿನ ತೊಂದರೆಗಳ ಬಗ್ಗೆ ಮಾತಾಡಬೇಕು ಎಂದು ಸಂಘಟಕರು ಹೇಳಿದ್ದರು. ಹಾಗಾಗಿ ಸಿರಿ ಜಾತ್ರೆಯನ್ನು ನೆನೆಯುತ್ತೇನೆ. ಕವತ್ತಾರು, ಹಿರಿಯಡ್ಕ, ನಂದಳಿಕೆಯ ಆಲಡೆಗಳಲ್ಲಿ, ಅಂದರೆ ಸಿರಿಯ ಆರಾಧನೆ ನಡೆಯುವ ಜಾಗಗಳಲ್ಲಿ, ಹುಣ್ಣಿಮೆಯ ರಾತ್ರಿ ನೂರಾರು ಹೆಂಗಸರು ಕೈಯಲ್ಲಿ ಹಿಂಗಾರ ಹಿಡಿದು ಸಾಲಾಗಿ ನಿಲ್ಲುತ್ತಾರೆ. ನಾರಾಯಿನೋ ಎಂದು ಹಾಡುತ್ತಾ ಆವೇಶ ಬರುತ್ತದೆ. ಮನೆಯಲ್ಲಿ ಅಳುತ್ತಿದ್ದವಳು, ಮಾತು ಬಿಟ್ಟಿದ್ದವಳು, ಸಿಕ್ಕಿದ್ದನ್ನು ಎಸೆಯುತ್ತಿದ್ದವಳು ಇಲ್ಲಿ ಸಿರಿಯಾಗುತ್ತಾಳೆ, ಸಿರಿಯ ಮಗಳು ಸೊನ್ನೆಯಾಗುತ್ತಾಳೆ, ಮೊಮ್ಮಕ್ಕಳಾದ ಅಬ್ಬಗೆ ದಾರಗೆಯಾಗುತ್ತಾಳೆ. ಸಿರಿ ಅಂದರೆ ಯಾರು? ಅನ್ಯಾಯ ಮಾಡಿದ ಗಂಡನನ್ನು ಬಿಟ್ಟು ಹೊರಟವಳು. ಸಿರಿಯ ಮಗ ಕುಮಾರನ ಆವೇಶ ಬರುವ ಪಾತ್ರಿ ಎದುರಿಗೆ ನಿಂತು ಕೇಳುತ್ತಾನೆ: ನೀನು ಯಾರು, ಯಾಕೆ ಬಂದೆ, ನಿನಗೇನು ಬೇಕು? ಪಕ್ಕದಲ್ಲಿ ಗಂಡ, ಅತ್ತೆ, ಅಣ್ಣಂದಿರು ಕೈಮುಗಿದು ನಿಂತಿರುತ್ತಾರೆ. ಹಗಲಿನಲ್ಲಿ ಅವಳ ಮಾತಿಗೆ ಬೆಲೆ ಕೊಡದವರು ಆ ರಾತ್ರಿ ತಲೆ ತಗ್ಗಿಸಿ ಉತ್ತರ ಕೊಡಬೇಕಾಗುತ್ತದೆ. ಅವಳ ತಲೆ ಸರಿ ಇಲ್ಲ ಎನ್ನುವಲ್ಲಿಗೆ ಮಾತು ಮುಗಿಯುವುದಿಲ್ಲ. ಮನೆಯಲ್ಲಿ ಏನು ಸರಿ ಇಲ್ಲ ಎನ್ನುವಲ್ಲಿಗೆ ಹೋಗುತ್ತದೆ. ಮುಂದಿನ ವರ್ಷವೂ ಅವಳು ಅದೇ ಸಾಲಿಗೆ ಬರಬಹುದು, ಅವಳ ಜೊತೆಗೆ ಅಂಥವರೇ ನೂರು ಜನ.

ಹಾಗೆಂದು ದೇವರ ಜಾಗವೆಲ್ಲ ಒಳ್ಳೆಯ ಜಾಗ ಅಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಹತ್ತಿರದ ಒಂದು ಶೆಡ್ಡಿಗೆ ಬೆಂಕಿ ಬಿತ್ತು. ಗುಣವಾಗಲಿ ಎಂದು ಕರೆತಂದು ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಸತ್ತರು. ಓಡಲು ಆಗಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ನಮ್ಮ ಊರಿನಲ್ಲೇ ನೋಡಿ. ಮಗು ಅಂಗವಿಕಲವಾಗಿ ಹುಟ್ಟಿದರೆ ಮೊದಲು ಹೋಗುವುದು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಲು. ನಾಗದೋಷ, ಪಿತೃದೋಷ, ಹಿಂದಿನ ಜನ್ಮದ ಪಾಪ ಎಂದು ಏನಾದರೂ ಒಂದು ಬರುತ್ತದೆ. ಆಗ ತಾಯಿ ತಲೆ ಎತ್ತದ ಹಾಗಾಗುತ್ತಾಳೆ. ಇದೂ ನಮ್ಮ ಪರಂಪರೆಯೇ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನೋಡಲು ನನಗೆ ಒಂದೇ ಪರೀಕ್ಷೆ. ಪ್ರಶ್ನೆ ಯಾರ ಕಡೆಗೆ ತಿರುಗಿದೆ? ಹುಟ್ಟಿದ ಮಗುವಿನ ಕಡೆಗೋ, ಕೆಡುಕು ಮಾಡಿದವರ ಕಡೆಗೋ?

ಕಾನೂನಿನ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ನಿಮಗೆ ಅದು ಪಾಠದಲ್ಲೇ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21. ಹೊಸದಾಗಿ ಸೇರಿದ್ದರಲ್ಲಿ ಸಿಕಲ್ ಸೆಲ್ ಒಂದು. ನಮ್ಮ ದೇಶದಲ್ಲಿ ಈ ರಕ್ತದ ಕಾಯಿಲೆ ಆದಿವಾಸಿಗಳಲ್ಲಿ ಜಾಸ್ತಿ. ಅವರ ನೋವು ಲೆಕ್ಕಕ್ಕೆ ಸಿಗಲು 21 ವರ್ಷ ಬೇಕಾಯಿತು. ಸಿಕ್ಕಿದ ಮೇಲೂ, ಸರ್ಕಾರಿ ಕೆಲಸದಲ್ಲಿರುವ ಶೇ 4ರ ಮೀಸಲಾತಿಯ ಪಟ್ಟಿಯಲ್ಲಿ ಅದು ಇಲ್ಲ. ಇನ್ನು ವೈಕಲ್ಯದ ಶೇಕಡಾವಾರು ಲೆಕ್ಕ. ಟೇಪು ಹಿಡಿದು ನನ್ನ ಕಾಲಿನ ಉದ್ದ ಅಳೆದಿದ್ದಾರೆ, ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಎಂದು ನೋಡಿದ್ದಾರೆ. ಶೇ 40 ಅಥವಾ ಅದಕ್ಕಿಂತ ಮೇಲಿದ್ದರೆ ಒಂದು ಬಾಗಿಲು, ಕೆಳಗಿದ್ದರೆ ಬಾಗಿಲೇ ಇಲ್ಲ. ಸೌಲಭ್ಯ ಹಂಚಲು ಏನೋ ಒಂದು ಲೆಕ್ಕ ಬೇಕು, ಒಪ್ಪುತ್ತೇನೆ. ಆದರೆ ಅಳೆಯುವುದು ನನ್ನ ಕಾಲನ್ನು ಮಾತ್ರ. ನನ್ನ ಮನೆಯಿಂದ ಬಸ್ ಸ್ಟಾಪಿಗೆ ಎಷ್ಟು ದೂರ, ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಎಂದು ಅಳೆದವರಿಲ್ಲ. ಆ ಅಜ್ಜಿಯ ಹಾಡಿಯಲ್ಲಿ ಬಳ್ಳಿ ಉಳಿದಿದೆಯೋ ಇಲ್ಲವೋ ಎಂದೂ ಅಳೆದವರಿಲ್ಲ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆಗಳನ್ನು ಕೇಳಿದೆ. ಕೆಲವನ್ನು ಬರೆಯುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ಹಾಗಾದರೆ ಸಿರಿ ಜಾತ್ರೆಗೆ ಕರೆದುಕೊಂಡು ಹೋದರೆ ಸಾಕಾ? ಡಾಕ್ಟರ್ ಬೇಡವಾ?"

ಡಾಕ್ಟರ್ ಬೇಕು. ಔಷಧಿ ಬೇಕಾದವರಿಗೆ ಔಷಧಿ ಬೇಕೇ ಬೇಕು, ಜಾತ್ರೆಗೆ ಹೋಗುವವರೂ ಮಾತ್ರೆ ನಿಲ್ಲಿಸಬಾರದು. ನಾನು ಹೇಳಿದ್ದು ಡಾಕ್ಟರ್ ಕೋಣೆಯಲ್ಲಿ ಸಿಗದ ಒಂದು ಸಂಗತಿಯನ್ನು. ಅಲ್ಲಿ ಗಂಡನ ಹತ್ತಿರ ಯಾರೂ ಉತ್ತರ ಕೇಳುವುದಿಲ್ಲ. ನೀವು ಮುಂದೆ ಆಪ್ತಸಮಾಲೋಚಕರಾಗುವವರು. ಆ ಕೆಲಸ ನೀವು ಮಾಡಬಹುದು.

ಕೊರಗ ಸಮುದಾಯದ ಒಬ್ಬ ಯುವಕ ಎದ್ದು ನಿಂತು, "ನಮ್ಮ ಬಗ್ಗೆ ನೀವು ಹೇಳಿದ್ರಿ. ನಮ್ಮನ್ನೇ ಕರೆಸಿ ಹೇಳಿಸಬಹುದಿತ್ತಲ್ಲ ಅಕ್ಕ" ಎಂದರು. ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ನಾನು ಅವರನ್ನು ಮುಂದೆ ಬರಲು ಕೇಳಿದೆ, ಬಂದರು. ತಮ್ಮ ಅಣ್ಣನ ಬಗ್ಗೆ ಮಾತಾಡಿದರು. ಅಣ್ಣನಿಗೆ ಕಿವಿ ಕೇಳುವುದಿಲ್ಲ, ಶಾಲೆಗೆ ಹೋದದ್ದು ಎರಡನೇ ಕ್ಲಾಸಿನ ತನಕ. ಡೋಲು ಬಾರಿಸುತ್ತಾನೆ. ಚರ್ಮದ ಅದುರು ಹೊಟ್ಟೆಗೆ ತಾಗುತ್ತದಂತೆ, ತಾಳ ತಪ್ಪುವುದಿಲ್ಲ. ಆದರೆ ಕಾರ್ಯಕ್ರಮಕ್ಕೆ ಕರೆಯುವವರು ದುಡ್ಡಿನ ಮಾತು ಬಂದಾಗ ಅವನ ಹತ್ತಿರ ಮಾತಾಡುವುದಿಲ್ಲ, ಪಕ್ಕದವನ ಹತ್ತಿರ ಮಾತಾಡುತ್ತಾರೆ. ಕೊಡುವುದೂ ಕಡಿಮೆ. ಸಂಘಟಕರು ಮುಂದಿನ ಕಾರ್ಯಕ್ರಮಕ್ಕೆ ಅಣ್ಣತಮ್ಮಂದಿರಿಬ್ಬರನ್ನೂ ಸಂಭಾವನೆ ಕೊಟ್ಟು ಕರೆಸುತ್ತೇವೆ ಎಂದು ಅಲ್ಲೇ ಒಪ್ಪಿದ್ದಾರೆ. ಕೈಭಾಷೆ ಗೊತ್ತಿರುವವರೂ ಇರಬೇಕು ಎಂದು ನಾನು ಸೇರಿಸಿದ್ದೇನೆ.

ಕೊನೆಯ ಪ್ರಶ್ನೆ ಒಬ್ಬ ಪುನರ್ವಸತಿ ಕಾರ್ಯಕರ್ತರದ್ದು: "ಇದೆಲ್ಲ ಸರಿ. ನಾಳೆ ಬೆಳಿಗ್ಗೆ ಪಂಚಾಯತಿಗೆ ಹೋಗಿ ನಾನು ಎಂತ ಮಾಡಬೇಕು?"

ಗ್ರಾಮ ಪಂಚಾಯತಿಯ ಸ್ವಂತ ಆದಾಯದಲ್ಲಿ ಶೇ 5 ಅಂಗವಿಕಲರಿಗೆ ಮೀಸಲು. ಕಳೆದ ಮೂರು ವರ್ಷ ಅದು ಎಲ್ಲಿಗೆ ಹೋಯಿತು ಎಂದು ಬರೆದು ಕೇಳಿ. ಹೆಚ್ಚಿನ ಕಡೆ ವರ್ಷದ ಕೊನೆಗೆ ಒಂದಿಷ್ಟು ಸಾಮಾನು ಹಂಚಿ ಫೋಟೋ ತೆಗೆದು ಮುಗಿಸುತ್ತಾರೆ. ಯಾರಿಗೆ ಏನು ಬೇಕು ಎಂದು ಅಂಗವಿಕಲರ ವಿಶೇಷ ಗ್ರಾಮಸಭೆಯಲ್ಲಿ ಅವರೇ ಹೇಳಲಿ. ಆ ಸಭೆ ನಡೆಯುವ ಜಾಗಕ್ಕೆ ಗಾಲಿಕುರ್ಚಿ ಬರುತ್ತದಾ ನೋಡಿ. ಬರುವುದಿಲ್ಲ ಎಂದಾದರೆ ಕೆಳಗೆ ಅಂಗಳದಲ್ಲೇ ಸಭೆ ಮಾಡಿ, ಅಧ್ಯಕ್ಷರೂ ಪಿಡಿಒ ಅವರೂ ಇಳಿದು ಬರಲಿ. ನಿಮ್ಮ ಪಂಚಾಯತಿಯ ಕೊರಗರ ಕಾಲೊನಿ, ಮಲೆಕುಡಿಯರ ಮನೆಗಳಿಗೆ ನೀವೇ ಹೋಗಿ. ಅಲ್ಲಿ ಕಾರ್ಡ್ ಇಲ್ಲದ ಅಂಗವಿಕಲರು ಎಷ್ಟಿದ್ದಾರೆ, ಬೆರಳಚ್ಚು ಹಿಡಿಯದವರು ಎಷ್ಟಿದ್ದಾರೆ ಎಂದು ಪಟ್ಟಿ ಮಾಡಿ. ಆ ಪಟ್ಟಿ ಹಿಡಿದುಕೊಂಡು ತಾಲೂಕು ಕಚೇರಿಗೆ ನಾನೂ ಬರುತ್ತೇನೆ. ದಿನ ನೀವು ಹೇಳಿ.